ಗಾಜಿನೊಳಗೆ ನನ್ನ ಮಗ

ಒಗ್ಬೊಮೊಶೊ,
ಗುರುವಾರ, ೧೪ ನವೆಂಬರ್ ೧೯೭೪

ಪ್ರೀತಿಯ ಮಗ ಇದೋವುಗೆ,

ಅಲ್ಲಾಹನು ನಿನ್ನನ್ನು ಕಾಪಾಡಲಿ. ಇಂದು ನನಗೆ ಗುರುವಾರದ ಉಪವಾಸ. ಬೆಳಗಿನ ನಮಾಜು ಮುಗಿಸಿ, ಅಂಗಳ ಗುಡಿಸಿ, ನೀರು ಹೊತ್ತು ತಂದು, ಅಲಸಂದೆ ಬೇಯಲಿಟ್ಟು ಕೂತಿದ್ದೇನೆ. ನಿನ್ನ ಕೆಮ್ಮು ಹೇಗಿದೆ? ಸಿಮೆಂಟಿನ ಧೂಳಿನಲ್ಲಿ ಕೆಲಸ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೋ. ನನ್ನ ಮಂಡಿನೋವು ಹಾಗೇ ಇದೆ, ಅದರ ಮಾತು ಬೇಡ.

ಲಾಗೋಸಿನಿಂದ ನೀನು ಕಳಿಸಿದ ಫೋಟೊ ನೋಡಿದೆ. ನೀನು ಮಾಡಿದ ಆಳೆತ್ತರದ ಸಿಮೆಂಟಿನ ಹೆಂಗಸು ಚೆನ್ನಾಗಿದ್ದಾಳೆ. ಆ ಹಣೆ, ಆ ಉಬ್ಬುಗಣ್ಣು ನಮ್ಮ ಮರದ ಕೆಹಿಂದೆಯದೇ. ಪ್ಯಾರಿಸಿನ ಚಿತ್ರಕಾರರೂ ನಮ್ಮ ಕಡೆಯ ಮರದ ಮುಖಗಳನ್ನು ನೋಡಿಯೇ ಹೊಸ ಬಗೆಯಲ್ಲಿ ಬರೆಯಲು ಕಲಿತರು ಎಂದಿದ್ದೀಯ. ಕಲಿಯಲಿ, ಸಂತೋಷ. ಆದರೆ ಆ ಹೆಂಗಸಿನ ಪಕ್ಕ ಗಾಜಿನ ಪೆಟ್ಟಿಗೆಯೊಳಗೆ ಕೆಹಿಂದೆ ಒಬ್ಬನೇ ನಿಂತಿದ್ದಾನಲ್ಲ, ನನಗೆ ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ.

ನಿನಗಿಂತ ಮೊದಲು ಹುಟ್ಟಿದ ಅವಳಿಗಳಿಬ್ಬರೂ ಹಾಲು ಕುಡಿಯುವಾಗಲೇ ತೀರಿಕೊಂಡಾಗ ನಿನ್ನ ಅಪ್ಪ ಅವರ ಹೆಸರಲ್ಲೇ ಕೆತ್ತಿಸಿ ತಂದ ಮರದ ಗೊಂಬೆಗಳಲ್ಲವೇ ಈ ತೈವೊ, ಕೆಹಿಂದೆ. ಅಂದಿನಿಂದ ಇಬ್ಬರಿಗೂ ಒಟ್ಟಿಗೇ ಸ್ನಾನ, ಒಟ್ಟಿಗೇ ಊಟ. ನೀನೋ, "ಮಾದರಿಗೆ ಒಂದು ಸಾಕಮ್ಮಾ, ಎರಡೂ ಒಂದೇ ಥರ ಇವೆಯಲ್ಲ" ಎಂದು ಕೆಹಿಂದೆಯನ್ನು ಚೀಲಕ್ಕೆ ಹಾಕಿಕೊಂಡೆ. ಅವಳಿಗಳ ಬೆನ್ನಿಗೆ ಹುಟ್ಟಿದವರು ಹಟಮಾರಿಗಳು ಎನ್ನುತ್ತಾರೆ, ನಾನೂ ಸುಮ್ಮನಾದೆ. ಮಳೆ ನಿಲ್ಲುವುದರೊಳಗೆ ವಾಪಸ್ ತರುತ್ತೇನೆ ಎಂದು ನೀನೇ ಹೇಳಿದ್ದೆ. ಈಗ ಗ್ಯಾಲರಿಯವರೇ ಇಟ್ಟುಕೊಳ್ಳುತ್ತಾರಂತೆ, ನೀನೂ ಒಪ್ಪಿದೆಯಂತೆ.

ಮಸೀದಿಯ ಗುರುಗಳು ನಗುತ್ತಾರೆ: "ಏನಮ್ಮಾ ಅವಳಿಗಳ ತಾಯೀ, ದೇವರಿಗೆ ಉಪವಾಸ, ಮರಕ್ಕೆ ಊಟಾನಾ?" "ಮರಕ್ಕಲ್ಲ ಗುರುಗಳೇ, ಮಕ್ಕಳಿಗೆ" ಎಂದೆ. ಪಕ್ಕದ ಮನೆಯ ಸಿದಿಕತ್ ಮಾತ್ರ, "ಒಬ್ಬನ್ನ ಪೇಟೆಗೆ ಕಳಿಸಿ ಇನ್ನೊಬ್ಬನ್ನ ಮೂಲೇಲಿ ಕೂರಿಸಿದೀಯಲ್ಲೇ, ನೀನೆಂಥಾ ತಾಯಿ!" ಎಂದಳು. ತಮಾಷೆಗೆ ಅಂದದ್ದೇ. ತೈವೊಗೆ ನೀರು ಹಾಕಿ ಒರೆಸಿದ ಮೇಲೂ ಕೈ ಇನ್ನೊಬ್ಬನನ್ನು ತಡಕುತ್ತದೆ. ಸಾಕಾಗಿ ಹೋಗಿದೆ, ಮಗನೇ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಕೈಗೆ ಬಲ ಕೊಡಲಿ.

ನಿನ್ನ ಅಮ್ಮ,
ರಫಾತು

ಇನ್ನೊಂದು ಮಾತು. ಈ ಕಾಗದ ತಂದ ನನ್ನ ತಂಗಿಯ ಮಗ ಸಿಕಿರುವಿನ ಲಾರಿಯಲ್ಲಿ ತೈವೊನನ್ನೂ ಕಳಿಸಿದ್ದೇನೆ, ಬಟ್ಟೆಯಲ್ಲಿ ಸುತ್ತಿದೆ, ಮೆಲ್ಲಗೆ ಬಿಚ್ಚು. ಆಗುವುದಾದರೆ ಇಬ್ಬರನ್ನೂ ಮನೆಗೆ ಕರೆದುಕೊಂಡು ಬಾ. ಆಗದಿದ್ದರೆ ಇವನನ್ನೂ ಆ ಗಾಜಿನೊಳಗೆ ಅವನ ಪಕ್ಕದಲ್ಲೇ ನಿಲ್ಲಿಸು. ನಾನು ಒಬ್ಬಳೇ ಇದ್ದೇನು, ಅವರು ಒಬ್ಬೊಬ್ಬರೇ ಇರುವುದು ಬೇಡ. ಏನು ಮಾಡಿದೆ ಎಂದು ಎರಡು ಸಾಲು ಬರೆದುಕೊಡು. ಉತ್ತರ ಕೈಗೆ ಸಿಗುವವರೆಗೂ ಅಲ್ಲಿಂದ ಏಳಬೇಡ, ತೆಗೆದುಕೊಂಡೇ ಬಾ ಎಂದು ಸಿಕಿರುವಿಗೆ ಹೇಳಿದ್ದೇನೆ.