ದೋಣಿ ಶನಿವಾರ, ಮದುವೆ ಭಾನುವಾರ

ಸೆಪ್ಟೆಂಬರ್ 24, ಮಂಗಳವಾರ

ಚೀಲ ಮತ್ತೆ ಬಿಚ್ಚಿದೆ. ದೋಣಿಯ ಕ್ಯಾಪ್ಟನ್ ಶ್ಪೀರೋ ಅವರ ಅಪ್ಪಣೆ — ತಲೆಗೊಂದೇ ಚೀಲ, ಮೆತ್ತನೆಯದು, ಮೂಲೆಗೆ ತುರುಕುವಂಥದ್ದು. ಕೆಳಗಿನ ಮನೆಯಿಂದ ಅಕ್ಕ ಸ್ತಾನಾ ಹತ್ತಿ ಬಂದು ದಿನಾ ಏನಾದರೂ ಸೇರಿಸಿ ಹೋಗುತ್ತಾಳೆ. ಇವತ್ತು ಸ್ವೆಟರಿನೊಳಗೆ ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ. ತೆಗೆದಿಟ್ಟೆ. ಸಂಜೆ ನೋಡಿದರೆ ಮತ್ತೆ ಅಲ್ಲೇ!

"ಅಟ್ಲಾಂಟಿಕ್ ಅಂತೆ, ಬ್ರೆಜಿಲ್ ಅಂತೆ! ಎಲ್ರಿಗೂ ಅರವತ್ತಕ್ಕೆ ಅರಳುಮರಳು, ನಿಂಗೆ ಐವತ್ತೆಂಟಕ್ಕೇ ಶುರುವಾಯ್ತಲ್ಲೇ ರೂಜಾ."

ಅನ್ನಲಿ. ಫೆರಿಯಲ್ಲಿ ಟಿಕೆಟ್ ಹರಿಯುತ್ತಲೇ ಆಯಸ್ಸು ಕಳೆಯಿತು. ಈ ದಡ, ಆ ದಡ. ಕೊಲ್ಲಿಯ ಬಾಯಿ ದಾಟಿ ಹೊರಗೆ ಏನಿದೆ ಅಂತ ಒಮ್ಮೆಯೂ ನೋಡಲಿಲ್ಲ. ಈಗ ಪೆನ್ಷನ್ ಬಂತು, ಶ್ಪೀರೋ ಅವರ ಹಾಯಿದೋಣಿಯಲ್ಲಿ ಜಾಗವೂ ಸಿಕ್ಕಿತು. ಅಡುಗೆ ನನ್ನದು, ಪಾಳಿಯ ಕಾವಲೂ ಉಂಟು. ಐದನೇ ತಾರೀಖು ಶನಿವಾರ ಬೆಳಿಗ್ಗೆ ಹೊರಡುವುದು. "ಯಾರಿಗೂ ಕಾಯೋದಿಲ್ಲ, ನಮ್ಮಮ್ಮ ಗೋರಿಯಿಂದ ಎದ್ದು ಬಂದ್ರೂ ಕಾಯೋದಿಲ್ಲ" ಅಂದಿದ್ದಾರೆ ಶ್ಪೀರೋ. ಅವರಿಗೂ ಇದೇ ಕೊನೆಯ ಯಾನ. ಬಂದ ಮೇಲೆ ದೋಣಿ ಮಾರುತ್ತಾರಂತೆ.

ಸೆಪ್ಟೆಂಬರ್ 26, ಗುರುವಾರ, ಸಂಜೆ

ಅಯ್ಯೋ, ಎಂಥ ಕೆಲಸ ಮಾಡಿಕೊಂಡೆ!

ಪಕ್ಕದ ಮನೆ ಆಂಜಾ ಅಳುತ್ತಾ ಬಂದಳು. ನಾನು ಎತ್ತಿ ಆಡಿಸಿದ ಹುಡುಗಿ. ಮದುವೆ ಈ ಭಾನುವಾರ ಅಂತ ನಿಶ್ಚಯವಾಗಿತ್ತು. ಕೂಮಾ, ಅಂದರೆ ಮದುವೆಯ ಸಾಕ್ಷಿ, ಆಗಬೇಕಿದ್ದ ಗೆಳತಿ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾಳೆ.

"ಚಿಕ್ಕಮ್ಮಾ, ನೀವೇ ನನ್ನ ಕೂಮಾ ಆಗಿ. ದೇವರ ಮುಂದೆ ನನ್ನ ಪಕ್ಕ ನಿಂತ್ಕೊಂಡು ಸಾಕ್ಷಿ ಹೇಳಿ."

ಎದೆ ಮೇಲೆ ಕೈಯಿಟ್ಟು ಆಗಲಿ ಅಂದೆ. ವಾಡಿಕೆಯಂತೆ ಕೆನ್ನೆಗೆ ಮೂರು ಮುತ್ತು ಕೊಟ್ಟಿದ್ದೂ ಆಯಿತು. ಸ್ತಾನಾ ಹಣ್ಣಿನ ಸಾರಾಯಿ ರಾಕಿಯಾ ಸುರಿದಳು. ಕುಡಿದೂ ಆಯಿತು. ಆಮೇಲೆ ಕೇಳಿದೆ — ಭಾನುವಾರ ಎಷ್ಟು ಹೊತ್ತಿಗೆ ಇಗರ್ಜಿಗೆ ಬರಲಿ?

"ಈ ಭಾನುವಾರ ಅಲ್ಲ ಚಿಕ್ಕಮ್ಮ, ಆರನೇ ತಾರೀಖು. ಹುಡುಗ ಕೆಲಸ ಮಾಡೋ ಹಡಗು ಜಿನೋವಾ ಬಂದರಲ್ಲೇ ನಿಂತಿದೆಯಂತೆ. ಒಂದು ವಾರ ಮುಂದಕ್ಕೆ ಹಾಕಿದ್ವಿ."

ನಾನು ಹೊರಡುವುದು ಅಕ್ಟೋಬರಿನಲ್ಲಿ ಅಂತಷ್ಟೇ ಅವಳಿಗೆ ಗೊತ್ತು. ಐದಕ್ಕೇ ಹೊರಡುತ್ತೇನೆ ಅಂತ ಹೇಳಲಾಗಲಿಲ್ಲ.

ಸೆಪ್ಟೆಂಬರ್ 27

ಸ್ತಾನಾ ಬೆಳಗಿನಿಂದ ಗೊಣಗುತ್ತಿದ್ದಾಳೆ. "ಕೂಮಾತನ ಅಂದ್ರೆ ಅಂಗಿ ಗುಂಡಿ ಅಲ್ಲ ಕಣೇ, ಬೇಡ ಅಂದಾಗ ಕಿತ್ತೆಸೆಯೋಕೆ. ಕೇಳಿದವರಿಗೆ ಇಲ್ಲ ಅನ್ನೋದೇ ಪಾಪ. ಒಪ್ಕೊಂಡು ಇಲ್ಲ ಅಂದವರನ್ನ ನಾನಂತೂ ಕಂಡಿಲ್ಲ."

ನನಗೆ ಗೊತ್ತಿಲ್ಲವೇ? ಆದರೆ ಈ ದೋಣಿ ತಪ್ಪಿದರೆ ಇನ್ನೊಂದಿಲ್ಲ. ಶ್ಪೀರೋ ಹತ್ತಿರ ಎರಡು ದಿನ ಕಾಯಿರಿ ಅಂತ ಕೇಳಿ ಪ್ರಯೋಜನವೂ ಇಲ್ಲ, ಅವರ ಹಠ ಊರಿಗೇ ಗೊತ್ತು. ಅತ್ತ ದರಿ, ಇತ್ತ ಪುಲಿ.

ಅಕ್ಟೋಬರ್ 2, ಬುಧವಾರ

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ.

ಇವತ್ತು ಹೋಗಿ, ಕೂಮಾ ಆಗಲಾರೆ ಅಂತ ಹೇಳಿಬಿಟ್ಟೆ. ಆಂಜಾ ಸ್ಟೂಲಿನ ಮೇಲೆ ನಿಂತಿದ್ದಳು, ಅವಳಮ್ಮ ಲಂಗದ ಅಂಚಿಗೆ ಸೂಜಿ ಚುಚ್ಚುತ್ತಿದ್ದಳು. ಹುಡುಗಿ ಬೈಯಲಿಲ್ಲ, ಅಳಲೂ ಇಲ್ಲ. "ಹೋಗಿ ಬನ್ನಿ ಚಿಕ್ಕಮ್ಮ" ಅಂದಳು, ಅಷ್ಟೇ. ಬೇರೆ ಯಾರನ್ನಾದರೂ ಕೇಳು ಅಂದೆ. ಅವಳಮ್ಮ ತಲೆಯೆತ್ತದೆ ಹೇಳಿದಳು — "ಒಪ್ಪಿದ ಮೇಲೆ ಇನ್ನೊಬ್ಬರನ್ನ ಕೇಳೋ ಪದ್ಧತಿ ನಮ್ಮಲ್ಲಿಲ್ಲ."

ನಾಚಿಕೆಯಿಂದ ಸತ್ತೆ. ಆದರೂ ಹೋಗುತ್ತೇನೆ. ಹೋಗಬೇಕು.

ಅಕ್ಟೋಬರ್ 3, ಗುರುವಾರ

ಇವತ್ತಿನ ಖುಷಿ ಬರೆದಿಡಲೇಬೇಕು!

ಚೀಲ ಇಟ್ಟು ಬರೋಣ ಅಂತ ದೋಣಿಗೆ ಹೋದೆ. ಶ್ಪೀರೋ ಅದನ್ನು ಎತ್ತಿ ವಾಪಸ್ ದಡದ ಕಟ್ಟೆಯ ಮೇಲೆ ಎಸೆದರು. ಸುದ್ದಿ ಅಷ್ಟರಲ್ಲೇ ಅವರ ಕಿವಿಗೆ ಬಿದ್ದಿತ್ತು.

"ಕೂಮಾತನ ಒದ್ದು ಬಂದೋಳನ್ನ ನನ್ನ ದೋಣಿಗೆ ಹತ್ತಿಸಲ್ಲ. ಮುಳುಗೋದು ನೀನೊಬ್ಳೇ ಆಗಿದ್ರೆ ಸರಿ. ನಾನೂ ಇರ್ತೀನಲ್ಲಮ್ಮ!"

"ಯಾರಿಗೂ ಕಾಯೋದಿಲ್ಲ ಅಂದಿದ್ರಲ್ಲಾ ಕ್ಯಾಪ್ಟನ್!"

"ಯಾರಿಗೂ ಕಾಯೋದಿಲ್ಲ ಅಂದೆ. ಕೂಮಾಗೆ ಕಾಯೋದಿಲ್ಲ ಅಂದ್ನಾ? ಒಂದು ಮಾತು ಕೇಳೋಕೆ ನಿನ್ನ ಬಾಯಲ್ಲೇನು ಕಡುಬಿತ್ತಾ? ಸೋಮವಾರ ಹೊರಡೋಣ, ಹೋಗು."

ಓಡಿದೆ. ಈ ವಯಸ್ಸಿನಲ್ಲಿ, ಪೇಟೆ ಬೀದಿಯಲ್ಲಿ, ಚೀಲ ಹೊತ್ತು! ಆಂಜಾ ಬಾಗಿಲಲ್ಲೇ ಕಾಲಿನ ಚಪ್ಪಲಿ ತೆಗೆದು ನನ್ನ ಬೆನ್ನಿಗೆ ಎರಡು ಬಾರಿಸಿದಳು. ಆಮೇಲೆ ಅಪ್ಪಿಕೊಂಡು ಗೊಳೋ ಅಂತ ಅತ್ತಳು. ಬಿದ್ದ ಏಟೂ ಹಿತವಾಗಿತ್ತು. ಎದೆ ಮೇಲಿನ ಕಲ್ಲು ಇಳಿಯಿತು. ಮನೆಗೆ ಬಂದು ಎರಡು ತಟ್ಟೆ ಊಟ ಮಾಡಿದೆ.

ಅಕ್ಟೋಬರ್ 6, ಭಾನುವಾರ

ಆಂಜಾಳ ಪಕ್ಕ ಮೇಣದಬತ್ತಿ ಹಿಡಿದು ನಿಂತೆ. ಸಹಿ ಹಾಕಿದೆ. ಇನ್ನು ನಾನು ಚಿಕ್ಕಮ್ಮ ಅಲ್ಲ, ಕೂಮಾ. ಶ್ಪೀರೋ ಸ್ತಾನಾಳನ್ನು ಎಳೆದುಕೊಂಡು ಕುಣಿದರು. ಕಾಲು ತುಳಿದರು ಅಂತ ಅವಳು ಬೈಯುತ್ತಲೇ ಇದ್ದಳು, ಕುಣಿತ ಮಾತ್ರ ಬಿಡಲಿಲ್ಲ.

ಅಕ್ಟೋಬರ್ 7, ಸೋಮವಾರ, ದೋಣಿಯಲ್ಲಿ

ಗಾಳಿ ಚೆನ್ನಾಗಿದೆ. ಸ್ತಾನಾ ಕಟ್ಟೆ ಮೇಲೆ ಮೂಗು ಒರೆಸಿಕೊಳ್ಳುತ್ತಾ, ನೆಗಡಿ ಅನ್ನುತ್ತಿದ್ದಾಳೆ. ಆಂಜಾ ಗಂಡನ ಕೋಟು ಹೊದ್ದುಕೊಂಡು ಓಡಿ ಬಂದಳು, ತಲೆಯಲ್ಲಿ ನಿನ್ನೆಯ ಪಿನ್ನುಗಳು ಹಾಗೇ ಇವೆ. ನನ್ನ ಕಿವಿಗೆ ಬಾಯಿಟ್ಟಳು.

"ಕೂಮಾ, ಇನ್ನೊಂದು ಕೇಳ್ತೀನಿ. ಇಲ್ಲ ಅನ್ನಬಾರದು. ನನಗೆ ಹುಟ್ಟೋ ಮಗೂನ ಎತ್ಕೊಂಡು ಜ್ಞಾನಸ್ನಾನ ಮಾಡಿಸಿ ಹೆಸರಿಡೋದು ನೀವೇ."

ಕೈ ತಾನಾಗಿಯೇ ಎದೆಗೆ ಹೋಯಿತು. ತಡೆದೆ.

"ಮೊದಲು ತಾರೀಖು ಹೇಳು."

"ಏಪ್ರಿಲ್" ಅಂದಳು, ಕೆಂಪಗಾಗಿ.

ಶ್ಪೀರೋಗೆ ಕೂಗಿ ಕೇಳಿದೆ, ಏಪ್ರಿಲ್‌ಗೆ ವಾಪಸ್ ಬರ್ತೀವಾ? ಬೆರಳು ಮಡಚಿ ಎಣಿಸಿದರು. ಮತ್ತೆ ಎಣಿಸಿದರು. "ಬ್ರೆಜಿಲ್‌ನಲ್ಲಿ ಕೂತ್ಕೊಂಡು ಕಾಫಿ ಕುಡೀದಿದ್ರೆ ಬರ್ತೀವಿ!"

ಆಗಲಿ ಅಂದೆ. ಮೂರು ಮುತ್ತೂ ಕೊಟ್ಟೆ. ಈಗ ಹಗ್ಗ ಬಿಚ್ಚು ಅಂತ ಕೂಗುತ್ತಿದ್ದಾರೆ, ಬಿಚ್ಚಬೇಕಾದವಳು ನಾನೇ ಅಂತೆ—