ಪಂಪ್‌ಹೌಸಿನ ಹಿಂದಿನ ತಿರುವು

ಅಂಗಡಿಯ ಹಿಂದಿನ ಕೋಣೆ,
ಭಾನುವಾರ, ನವೆಂಬರ್ ಹದಿನೇಳು

ಪ್ರೀತಿಯ ನರ್ಸಮ್ಮನವರ ಸನ್ನಿಧಾನಕ್ಕೆ,

ಹೇಗಿದ್ದೀಯ, ಮೊದಲು ಅದನ್ನು ಹೇಳು. ಹಡಗು ಹೊಯ್ದಾಡುವಾಗ ಈಗಲೂ ತಲೆ ಸುತ್ತುತ್ತದೆಯೋ, ಇಲ್ಲ ನೆಲದ ಮೇಲೆ ಕಾಲಿಟ್ಟರೇ ಸುತ್ತುವಷ್ಟು ಪಳಗಿಬಿಟ್ಟಿದ್ದೀಯೋ? ಹೊತ್ತುಹೊತ್ತಿಗೆ ಊಟ ಮಾಡಿ ಎಂದು ರೋಗಿಗಳನ್ನೆಲ್ಲ ಗದರಿಸುವ ನೀನು ಮಾತ್ರ ನಿಂತಲ್ಲೇ ಎರಡು ತುತ್ತು ನುಂಗಿ ಓಡುತ್ತೀಯ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಕುಳಿತು ತಿನ್ನು. ಸೊಂಟಕ್ಕೆ ಕಟ್ಟಿಕೊಳ್ಳುವ ಪಟ್ಟಿಯನ್ನು ಮರೆತು ಹೋಗಿದ್ದೆಯಲ್ಲ, ಅದನ್ನು ಬೇರೆ ಪೊಟ್ಟಣದಲ್ಲಿ ಕಳಿಸಿದ್ದೇನೆ, ಮುಂದಿನ ಬಂದರಿನಲ್ಲಿ ಸಿಗಬಹುದು. ಇಲ್ಲಿ ನಾವಿಬ್ಬರೂ ಕ್ಷೇಮ. ನನ್ನ ಕೈ ಅಡುಗೆ ತಿಂದೂ ಕ್ಷೇಮವಾಗಿದ್ದೇವೆ ಎಂದ ಮೇಲೆ ನಮ್ಮ ಆರೋಗ್ಯದ ವಿಚಾರದಲ್ಲಿ ನೀನು ನಿಶ್ಚಿಂತೆಯಿಂದ ಇರಬಹುದು.

ನಿನ್ನ ಪತ್ರ ಮೊನ್ನೆ ಕೈಸೇರಿತು. ಹಡಗಿನ ಆಸ್ಪತ್ರೆಯವರು ಇನ್ನೊಂದು ವರ್ಷಕ್ಕೆ ರುಜು ಹಾಕಿಕೊಡು ಎನ್ನುತ್ತಿದ್ದಾರೆ, ಹಾಕಲೋ, ಇಲ್ಲ ತಿಂಗಳ ಕೊನೆಗೆ ಹಡಗು ನಮ್ಮ ಕಡೆಯ ಬಂದರಿಗೆ ಬಂದಾಗ ಇಳಿದು ಮನೆಗೆ ಬಂದುಬಿಡಲೋ ಎಂದು ಕೇಳಿದ್ದೀಯ. "ಮಗಳು ಹೇಗಿದ್ದಾಳೆ ಅಂತ ಬಣ್ಣ ಹಚ್ಚದೆ ಬರೀರಿ, ಅದನ್ನ ನೋಡ್ಕೊಂಡು ತೀರ್ಮಾನ ಮಾಡ್ತೀನಿ" ಎಂದಿದ್ದೀಯ. ಇಷ್ಟು ದಿನ ಬರೆದದ್ದಕ್ಕೆಲ್ಲ ನಾನು ಬಣ್ಣ ಹಚ್ಚಿದ್ದೆ ಎಂದು ಅಷ್ಟು ದೂರದಲ್ಲಿದ್ದೂ ನಿನಗೆ ಹೇಗೆ ವಾಸನೆ ಬಡಿಯಿತೋ ಕಾಣೆ. ಆಗಲಿ, ಈ ಸಲ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಓದುತ್ತಾ ಮಧ್ಯದಲ್ಲಿ ಹೆದರಿಕೊಳ್ಳಬೇಡ.

ಕಾಲೇಜಿನ ಕ್ರಾಸ್ ಕಂಟ್ರಿ ತಂಡಕ್ಕೆ ಆಯ್ಕೆಯಾದಳು ಎಂದು ಬರೆದಿದ್ದೆ. ಏಳು ಜನರ ತಂಡದಲ್ಲಿ ಅವಳು ಆರನೆಯವಳು ಎಂಬುದನ್ನು ನುಂಗಿಕೊಂಡಿದ್ದೆ. ಅವಳು ಶಾಲೆಯಲ್ಲಿದ್ದಾಗಿನಿಂದ ಓಟಗಳಿಗೆಲ್ಲ ಹೋಗುತ್ತಿದ್ದವಳು ನೀನು, ಕನ್ನಡಕದ ಅಂಗಡಿ ಕಾಯುತ್ತಿದ್ದವನು ನಾನು, ಹಾಗಾಗಿ ಈ ಆಟದ ಲೆಕ್ಕ ನನ್ನ ತಲೆಗೆ ಹೊಕ್ಕಿದ್ದು ಈ ವರ್ಷವೇ. ಏಳು ಜನ ಹೊಲ, ಕಾಲುವೆ, ಕಲ್ಲುದಾರಿ ಎಲ್ಲ ದಾಟಿ ಓಡುತ್ತಾರೆ, ಆದರೆ ಒಂದು ತಂಡದಲ್ಲಿ ಮೊದಲು ಮುಟ್ಟಿದ ಐವರ ಸ್ಥಾನಗಳನ್ನು ಮಾತ್ರ ಕೂಡಿಸುತ್ತಾರೆ. ಮೊತ್ತ ಯಾರದು ಕಡಿಮೆಯೋ ಅವರು ಗೆದ್ದಂತೆ. ಆರನೆಯವಳೂ ಏಳನೆಯವಳೂ ಅಷ್ಟೇ ದೂರ ಓಡಿ, ಅಷ್ಟೇ ಬೆವರು ಸುರಿಸಿ, ಮೊತ್ತದಿಂದ ಹೊರಗೇ ಉಳಿಯುತ್ತಾರೆ. ಇದನ್ನು ಮೊದಲು ಕೇಳಿದಾಗ ಇದ್ಯಾವ ಸೀಮೆ ನ್ಯಾಯ ಎಂದು ಅವರ ಕೋಚ್ ಮೇಡಂ ಜೊತೆ ಜಗಳಕ್ಕೇ ನಿಂತಿದ್ದೆ. ಪಾಪ, ಆಕೆ ಏನು ಮಾಡಿಯಾಳು.

ಮೊದಲ ಓಟದ ದಿನ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮುಗಿಯುವ ಗೆರೆಯ ಪಕ್ಕ, ಉಳಿದ ಅಪ್ಪ ಅಮ್ಮಂದಿರ ನಡುವೆ ಜಾಗ ಹಿಡಿದೆ. ನಮ್ಮವರದು ಹಸಿರು ಬನಿಯನ್. ಮೊದಲು ಬಂದವಳು ತಂಡದ ನಾಯಕಿ, ಕಾಲೇ ಮುಕ್ಕಾಲು ಪಾಲು ಇರುವ ಹುಡುಗಿ, ಎಲ್ಲರೂ ಅವಳನ್ನು ಏಣಿ ಎಂದೇ ಕರೆಯುತ್ತಾರೆ. ಐದನೆಯವಳಾಗಿ ಬಂದವಳು ಗೊಣಗಿ. ಓಡುವಾಗಲೂ ಬಿಸಿಲು, ಕಲ್ಲು, ಷೂ ಎಲ್ಲವನ್ನೂ ಬೈದುಕೊಂಡೇ ಓಡುತ್ತಾಳೆ, ಅದಕ್ಕೇ ಆ ಹೆಸರು. ನಮ್ಮವಳು ಅವಳ ಹಿಂದೆ, ಸಾಕಷ್ಟು ಹಿಂದೆ ಬಂದಳು. ನಾನು ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದೆ. ಅವಳು ನನ್ನ ಕಡೆ ನೋಡಲೂ ಇಲ್ಲ. ಮನೆಗೆ ಬಂದವಳೇ ಬನಿಯನ್ನನ್ನು ಬಚ್ಚಲಿನ ಮೂಲೆಗೆ ಎಸೆದು, "ನಾನು ಓಡಿದ್ರೂ ಒಂದೇ, ಮನೇಲಿ ಮಲಗಿದ್ರೂ ಒಂದೇ. ನಾಳೆ ಮೇಡಂಗೆ ಬಿಡ್ತೀನಿ ಅಂತ ಹೇಳ್ತೀನಿ" ಎಂದಳು. ನಾನು ಪೆದ್ದನ ಹಾಗೆ, ಚಪ್ಪಾಳೆ ಕೇಳಿಸಲಿಲ್ಲವೇ ಎಂದು ಕೇಳಿದೆ. "ಗೆರೆ ಹತ್ರ ಎಲ್ರಿಗೂ ಎಲ್ರೂ ತಟ್ತಾರಪ್ಪ. ಅಮ್ಮ ಅಲ್ಲಿ ನಿಲ್ತಾನೇ ಇರ್ಲಿಲ್ಲ" ಎಂದು ಹೇಳಿ ಬಾಗಿಲು ಹಾಕಿಕೊಂಡಳು. ಒಳಗೆ ಅಳುತ್ತಿದ್ದಳು. ಅದನ್ನು ನಾನು ನಿನಗೆ ಬರೆದಿರಲಿಲ್ಲ.

ನೀನು ಎಲ್ಲಿ ನಿಲ್ಲುತ್ತಿದ್ದೆ ಎಂದು ಆಮೇಲೆ ಒಂದೊಂದೇ ಮಾತು ಹೊರಡಿಸಿ ತಿಳಿದುಕೊಂಡೆ. ಯಾರೂ ಇರದ ದೂರದ ತಿರುವಿನಲ್ಲಂತೆ. ಓಟ ಅರ್ಧ ದಾಟಿ, ಏರು ಶುರುವಾಗುವ ಮುಂಚೆ, ಕಾಲು ಸೋತು ಮನಸ್ಸೂ ಕೈಬಿಡುವ ಜಾಗದಲ್ಲಂತೆ. ಅಲ್ಲಿ ನಿಂತು ಶಹಬ್ಬಾಸ್ ಗಿಹಬ್ಬಾಸ್ ಎನ್ನದೆ, ಬರುವ ಪ್ರತಿಯೊಬ್ಬ ಹುಡುಗಿಗೂ ತಂಡದಲ್ಲಿ ಅವಳು ಎಷ್ಟನೆಯವಳು ಎಂದಷ್ಟೇ ಕೂಗಿ ಹೇಳುತ್ತಿದ್ದೆಯಂತೆ. ಗ್ಯಾಸ್ ಸಿಲಿಂಡರ್ ಬದಲಿಸುವುದರಿಂದ ಹಿಡಿದು ದಿಂಬಿನ ಚೀಲ ಒಗೆಯುವವರೆಗೆ ಎಲ್ಲ ಹೇಳಿಕೊಟ್ಟು ಹೋದ ಮಹಾತಾಯಿ, ಇದೊಂದನ್ನು ಹೇಳಲು ನಿನಗೆ ಏನು ಧಾಡಿಯಾಗಿತ್ತು?

ಒಂದು ವಾರ ತಡಿ, ಬೆಳಿಗ್ಗೆ ನಾನೂ ಜೊತೆಗೆ ಬರುತ್ತೇನೆ, ಆಮೇಲೆ ಬಿಡುವುದಾದರೆ ಬಿಡು ಎಂದೆ. ಹಳೇ ಸೈಕಲ್ಲಿಗೆ ಗಾಳಿ ಹೊಡೆಸಿ ಅವಳ ಪಕ್ಕ ಹೊರಟೆ. ಮಾತಾಡಲು ಆಗುವಷ್ಟು ನಿಧಾನವಾಗಿ ಓಡಬೇಕು, ಮಾತು ನಿಂತರೆ ವೇಗ ಹೆಚ್ಚಾಯಿತು ಎಂದೇ ಅರ್ಥ ಎಂಬುದು ಕೋಚ್ ಮೇಡಂ ಹಾಕಿದ ಕಟ್ಟಳೆ. ಆಕೆಯ ಹೊಟ್ಟೆ ತಣ್ಣಗಿರಲಿ. ಮನೆಯಲ್ಲಿ ಹ್ಞೂಂ, ಉಹ್ಞೂಂ ಬಿಟ್ಟರೆ ಬಾಯಿ ಬಿಡದ ಹುಡುಗಿ ಕಾಲುವೆ ದಂಡೆಯ ಮೇಲೆ ಓಡುತ್ತಾ ಏನೆಲ್ಲ ಮಾತಾಡಿದಳು ಗೊತ್ತೇ? ಲೆಕ್ಕದ ಮೇಷ್ಟ್ರ ಕೆಮ್ಮು, ಏಣಿಯ ಪ್ರೇಮ ಪ್ರಕರಣ, ನನ್ನ ಅಡುಗೆಯ ಉಪ್ಪು, ನಿನ್ನ ಸೀರೆಯ ವಾಸನೆ ಹೋಗಬಾರದೆಂದು ಅದನ್ನು ಒಗೆಯದೆ ದಿಂಬಿನ ಕೆಳಗಿಟ್ಟುಕೊಂಡಿರುವುದು. ಒಂದು ದಿನ ಸೈಕಲ್ಲಿನ ಚೈನು ಕಳಚಿತು. ನಾನು ತಡಕಾಡುವುದನ್ನು ನೋಡಿ, ಸರಿಯಪ್ಪ ಅತ್ತ ಎಂದು ತಾನೇ ಕುಳಿತು ಹಾಕಿದಳು, ಮಸಿಯಾದ ಕೈಯನ್ನು ನನ್ನ ಅಂಗಿಯ ಬೆನ್ನಿಗೆ ಒರೆಸಿ ಓಡಿಹೋದಳು. ಆ ಐದು ಬೆರಳು ಎಷ್ಟು ಉಜ್ಜಿದರೂ ಹೋಗಲಿಲ್ಲ. ಹೋಗದಿದ್ದರೇ ಒಳ್ಳೆಯದು ಎಂದು ಉಜ್ಜುವುದನ್ನು ಬಿಟ್ಟಿದ್ದೇನೆ, ನೀನು ಬಂದು ಬೈಯಬೇಡ.

ಎರಡನೆಯ ಓಟಕ್ಕೆ ನಿನ್ನ ತಿರುವನ್ನು ಹುಡುಕಿಕೊಂಡು ಹೋದೆ. ಹೋದವನು ದಾರಿ ತಪ್ಪಿ ಯಾರದೋ ಟೊಮೆಟೊ ತೋಟಕ್ಕೆ ನುಗ್ಗಿದೆ. ನಾಯಿ ಅಟ್ಟಿಸಿಕೊಂಡು ಬಂತು. ಅಂದು ಆ ಬಯಲಿನಲ್ಲಿ ಅತ್ಯಂತ ಜೋರಾಗಿ ಓಡಿದವನು ನಾನೇ ಇರಬೇಕು. ತಿರುವು ಸಿಗುವಷ್ಟರಲ್ಲಿ ಹುಡುಗಿಯರೆಲ್ಲ ದಾಟಿ ಆಗಿತ್ತು. ಅವಳು ಮತ್ತೆ ಆರನೆಯವಳೇ ಆದಳು, ಆದರೆ ನಾಯಿಯ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಿಡುತ್ತೇನೆ ಎನ್ನುವ ಮಾತು ಆಮೇಲೆ ಎದ್ದಿಲ್ಲ. ಬನಿಯನ್ ತಾನೇ ಒಗೆದು ಹಾಕಿಕೊಳ್ಳುತ್ತಾಳೆ.

ಈಗ ನಿನ್ನೆಯ ಮಾತಿಗೆ ಬರುತ್ತೇನೆ. ನಿನ್ನೆ ನಡೆದದ್ದು ಅಂತಿಮ ಓಟಕ್ಕೆ ಯಾರು ಹೋಗಬೇಕು ಎಂದು ತೀರ್ಮಾನಿಸುವ ಓಟ. ಮೊದಲ ಎರಡು ತಂಡಕ್ಕೆ ಮಾತ್ರ ಅವಕಾಶ. ಹಿಂದಿನ ಸಂಜೆಯೇ ದಾರಿಯುದ್ದಕ್ಕೂ ನಡೆದು, ಪಂಪ್‌ಹೌಸಿನ ಹಿಂದೆ, ಏರಿಗೆ ಮುಂಚಿನ ತಿರುವನ್ನು ಗುರುತು ಮಾಡಿಕೊಂಡು ಬಂದಿದ್ದೆ. ನೀನಿದ್ದರೂ ಅದನ್ನೇ ಆರಿಸುತ್ತಿದ್ದೆ. ಆದರೆ ಬೆಳಿಗ್ಗೆ ಹೊರಡುವ ಹೊತ್ತಿಗೆ ಒಬ್ಬ ಅಜ್ಜಿ ಕಾಲು ಕಳಚಿದ ಕನ್ನಡಕ ಹಿಡಿದುಕೊಂಡು ಅಂಗಡಿಗೆ ಬಂದರು. ಅದಿಲ್ಲದೆ ಅವರಿಗೆ ಮನೆಯ ದಾರಿಯೂ ಕಾಣದು, ಇಲ್ಲ ಎನ್ನಲು ಬಾಯಿ ಬರಲಿಲ್ಲ. ಸಣ್ಣ ತಿರುಪು ಕೂರಿಸಿ, ಗಡಿಯಾರ ನೋಡಿದವನೇ ಸೈಕಲ್ ಹತ್ತಿ ಓಡಿಸಿದೆ. ಪಂಪ್‌ಹೌಸಿನ ಹತ್ತಿರ ನಿಂತು ಉಸಿರು ಬಿಟ್ಟ ಮೇಲೆ ಗೊತ್ತಾಯಿತು, ಮೂಗಿನ ಮೇಲೆ ಇದ್ದದ್ದು ಹತ್ತಿರದ ಕೆಲಸಕ್ಕೆ ಹಾಕಿಕೊಳ್ಳುವ ಕನ್ನಡಕ. ದೂರದ್ದು ಅಂಗಡಿಯ ಮೇಜಿನ ಮೇಲೆ ಹಾಯಾಗಿ ಮಲಗಿತ್ತು. ಅಕ್ಕಪಕ್ಕದ ಬೀದಿಗಳಿಗೆಲ್ಲ ಕಣ್ಣು ಕಾಣಿಸುವ ನಿನ್ನ ಗಂಡನಿಗೆ ಮಾರು ದೂರದ ಮರವೂ ಮೋಡದ ಹಾಗೆ ಕಂಡಿತು.

ಹುಡುಗಿಯರು ಬರತೊಡಗಿದರು. ಏಣಿಯನ್ನು ಉದ್ದದಿಂದಲೇ ಗುರುತಿಸಿ "ಒಂದು" ಎಂದು ಕೂಗಿದೆ. ಆಮೇಲೆ ಎರಡು, ಮೂರು, ನಾಲ್ಕು ಎಂದು ಹಸಿರು ಕಂಡಾಗೆಲ್ಲ ಕೂಗಿದೆ. ನಡುವೆ ನೀಲಿ ಬನಿಯನ್ನಿನ ಒಂದು ಗುಂಪು ದಾಟಿತು. ಅದಾದ ಮೇಲೆ ನಮ್ಮವಳು ಬಂದಳು. ಅವಳ ಮುಖ ಕಾಣದಿದ್ದರೂ ತಲೆ ಕಂಡಿತು. ಮನಸ್ಸಿಲ್ಲದ ಕೆಲಸ ಮಾಡುವಾಗ ಒಂದು ಪಕ್ಕಕ್ಕೆ ವಾಲಿಸುತ್ತಾಳಲ್ಲ, ಪಾತ್ರೆ ತೊಳೆಯುವಾಗ ನೀನು ನೋಡಿದ್ದೀಯ, ಹಾಗೆ ವಾಲಿತ್ತು. "ಐದು, ನೀನೇ ಐದು ಮಗಳೇ, ನೀನೇ ಐದು" ಎಂದು ಗಂಟಲು ಹರಿಯುವಂತೆ ಕೂಗಿದೆ. ಅವಳು ಒಂದು ಕ್ಷಣ ತಿರುಗಿ ನನ್ನನ್ನೇ ನೋಡಿದಳು. ತಲೆ ನೆಟ್ಟಗಾಯಿತು. ಏರಿನ ಕಡೆ ಹೋದವಳ ಹೆಜ್ಜೆಯ ಸದ್ದೇ ಬೇರೆಯಾಗಿತ್ತು.

ನಾನು ಗೆರೆಯ ಹತ್ತಿರ ಬರುವಷ್ಟರಲ್ಲಿ ಎಲ್ಲ ಮುಗಿದು, ಹಸಿರು ಬನಿಯನ್‌ನವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಒಂದೇ ಅಂಕದ ಅಂತರದಲ್ಲಿ ಎರಡನೆಯ ತಂಡವಾಗಿದ್ದರು. ನಮ್ಮವಳು ಐದನೆಯವಳಾಗಿ ಮುಟ್ಟಿದ್ದಳು. ಆಮೇಲೆ ಗೊಣಗಿ ನನ್ನ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಂಕಲ್, ಇಷ್ಟು ದಪ್ಪಗಿದೀನಿ, ನಾನು ನಿಮ್ಮ ಕಣ್ಣಿಗೆ ಬೀಳ್ಲೇ ಇಲ್ವಾ?" ಎಂದಳು. ಆ ನೀಲಿ ಗುಂಪಿನ ಆಚೆ ಮಗ್ಗುಲಲ್ಲಿ ಅವಳೂ ಓಡುತ್ತಿದ್ದಳಂತೆ. ಪಂಪ್‌ಹೌಸಿನ ಹತ್ತಿರ ಐದನೆಯವಳು ಅವಳು. ನಮ್ಮವಳು ಎಂದಿನಂತೆ ಆರು. ಏರಿನಲ್ಲಿ ನೀಲಿಯವರನ್ನೂ ಗೊಣಗಿಯನ್ನೂ ಹಿಂದೆ ಹಾಕಿ ಇವಳು ಮುಂದೆ ಬಂದಿದ್ದಾಳೆ. "ಸಾರ್, ನಿಮ್ಮ ಲೆಕ್ಕ ತಪ್ಪಿದ್ದಕ್ಕೆ ನಮ್ಮ ಲೆಕ್ಕ ಸರಿಹೋಯ್ತು" ಎಂದು ಕೋಚ್ ಮೇಡಂ ನಕ್ಕರು. ಗೊಣಗಿ ಮಾತ್ರ ಬಿಡಲಿಲ್ಲ. ಸಂಜೆ ಅಂಗಡಿಗೆ ಬಂದು, ನನ್ನನ್ನು ಗಿರಾಕಿಯ ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿಸಿಯೇ ಬಿಟ್ಟಳು.

ಎಲ್ಲರೂ ನಕ್ಕರು, ನನಗೆ ಮಾತ್ರ ಒಳಗೊಳಗೇ ಪುಕಪುಕ. ಅಪ್ಪನ ತಪ್ಪಿನಿಂದ ಬಂದದ್ದು ಎಂದು ಮಗು ಬೇಜಾರು ಮಾಡಿಕೊಂಡರೆ ಏನು ಮಾಡಲಿ ಎಂದು. ಓಟ ಮುಗಿಸಿ ಮನೆಗೆ ಬರುವಾಗ ನಾನು ಸೈಕಲ್ ತಳ್ಳಿಕೊಂಡು, ಅವಳು ಷೂ ಕೈಯಲ್ಲಿ ಹಿಡಿದುಕೊಂಡು ನಡೆದೆವು. ದಾರಿಯಲ್ಲಿ ಅವಳೇ ಹೇಳಿದಳು. "ನಂಗೆ ಗೊತ್ತಿತ್ತಪ್ಪ. ಗೊಣಗಿ ಜಡೆ ನನ್ನ ಕಣ್ಣ ಮುಂದೇನೇ ಕುಣೀತಾ ಇತ್ತು. ನೀನು ತಪ್ಪು ಎಣಿಸಿದೀಯ ಅಂತ ಆಗ್ಲೇ ಗೊತ್ತಾಯ್ತು." ಮತ್ತೆ ಹಾಗೆ ಯಾಕೆ ಓಡಿದೆ ಎಂದು ಕೇಳಿದೆ. ಷೂಗಳನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ನೇತುಹಾಕಿ, "ಅಷ್ಟೊಂದು ನಂಬ್ಕೊಂಡು ಕೂಗ್ದೆ ನೀನು. ನಿನ್ನ ಮಾತು ಸುಳ್ಳಾಗ್ಬಾರ್ದು ಅನ್ನಿಸ್ತು" ಎಂದಳು. ಕನ್ನಡಕ ತೆಗೆದು ಒರೆಸಿಕೊಂಡೆ. ಆ ಹೊತ್ತಿಗೆ ಯಾವ ಕನ್ನಡಕ ಹಾಕಿದ್ದರೂ ಏನೂ ಕಾಣುತ್ತಿರಲಿಲ್ಲ.

ಹೀಗಿದ್ದಾಳೆ ನಿನ್ನ ಮಗಳು. ಬಣ್ಣ ಹಚ್ಚಿಲ್ಲ. ನಿನ್ನ ನೆನಪಿನಿಂದ ಅಳುತ್ತಿದ್ದವಳು ಈಗ ನಿನ್ನ ನೆನಪು ತೆಗೆದು ನಗುತ್ತಾಳೆ. "ಅಮ್ಮಂಗೆ ಬರಿ, ನನ್ನ ಹೆಸರು ಹೇಳ್ಕೊಂಡು ಕೆಲ್ಸ ಬಿಡೋದು ಬೇಡ, ನಾನು ಇರ್ತೀನಿ" ಎಂದು ಹೇಳಿದ್ದಾಳೆ, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ. ಅಂತಿಮ ಓಟ ತಿಂಗಳ ಕೊನೆಯ ಭಾನುವಾರ. ಅಲ್ಲಿಯೂ ಒಂದು ತಿರುವು ಇದ್ದೇ ಇರುತ್ತದೆ, ಸರಿಯಾದ ಕನ್ನಡಕ ಹಾಕಿಕೊಂಡು ನಾನು ಅಲ್ಲಿರುತ್ತೇನೆ. ಮಗಳ ಸಲುವಾಗಿ ನೀನು ಬರಲೇಬೇಕು ಎಂದೇನಿಲ್ಲ, ಆ ಭಾರ ಮನಸ್ಸಿನಿಂದ ಇಳಿಸಿಬಿಡು. ನಿನ್ನ ರೋಗಿಗಳು ಬೇಗ ಗುಣವಾಗಲಿ, ಸಮುದ್ರ ನಿನ್ನ ಮಾತು ಕೇಳಿಕೊಂಡು ತೆಪ್ಪಗಿರಲಿ. ರಾತ್ರಿ ಪಾಳಿ ಮುಗಿದ ಮೇಲೆ ಸ್ವೆಟರ್ ಹಾಕಿಕೊಂಡು ಮಲಗು.

ಇಬ್ಬರ ಪ್ರೀತಿಯನ್ನೂ ಒಂದೇ ಲಕೋಟೆಯಲ್ಲಿ ತುರುಕಿ,
ನಿನ್ನ ಕನ್ನಡಕದವನು

ತಾ.ಕ.: ಮಗಳು ಷೂ ಕಟ್ಟಿಕೊಂಡು ಬಾಗಿಲಲ್ಲೇ ಕುಣಿಯುತ್ತಿದ್ದಾಳೆ, ಓಡುವ ದಾರಿಯಲ್ಲಿ ಪೋಸ್ಟ್ ಮಾಡುತ್ತಾಳಂತೆ. ಬಗ್ಗಿ ಓದದ ಹಾಗೆ ಕೈ ಅಡ್ಡ ಹಿಡಿದು ಇದಿಷ್ಟನ್ನು ಬರೆಯುತ್ತಿದ್ದೇನೆ. ನೀನು ಕೇಳಿದ್ದು ಅವಳ ಬಗ್ಗೆ, ನನ್ನ ಬಗ್ಗೆ ಕೇಳಲಿಲ್ಲ, ಹಾಗಾಗಿ ಬರೆಯಲಿಲ್ಲ. ಹುಡುಗಿಯರೆಲ್ಲ ದಾಟಿಹೋದ ಮೇಲೆ ಆ ತಿರುವಿನಲ್ಲಿ ಯಾರೂ ಇರುವುದಿಲ್ಲ, ನಿನಗೆ ಗೊತ್ತಲ್ಲ. ನಿನ್ನೆ ಅಲ್ಲಿ ನಿಂತು, "ಸರಿಯಾಗಿ ಎಣಿಸಿದೆನೇನೇ?" ಎಂದು ಪಕ್ಕಕ್ಕೆ ತಿರುಗಿ ಕೇಳಿಬಿಟ್ಟೆ. ರುಜು ಹಾಕುವುದಾದರೆ ಹಾಕು, ಮುನಿಸಿಕೊಳ್ಳುವುದಿಲ್ಲ, ಇನ್ನೊಂದು ವರ್ಷವೂ ಹೇಗೋ ಆಗುತ್ತದೆ. ಆದರೆ ಬರುವುದಾದರೆ ಮಗಳ ನೆಪ ಇಟ್ಟುಕೊಳ್ಳಬೇಡ. ನನಗಾಗಿ ಬಾ.