ಸಿಹಿಬಾವಿಯ ನೀರು, ಬೆಂದನೀರು

ಕೆಂಚನದಿನ್ನಿ
ಇಸವಿ ೨೧೭೪, ಆರಿದ್ರಾ ಮಳೆ ಬೀಳಬೇಕಾದ ಕಾಲ

ಹಿಂದಿನವರಾದ ನಿಮಗೆ ಶಾವಂತ್ರಮ್ಮನ ನಮಸ್ಕಾರ.

ನಮ್ಮ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನೀವು ಬಿಟ್ಟುಹೋದ ಕನ್ನಡವೇ ಇದು. ನಡುವೆ ಕೆಲವು ಪದಗಳು ಹುಟ್ಟಿಕೊಂಡಿವೆ. ಬೆಂದನೀರು ಅಂಥದ್ದೊಂದು. ಊರ ಹೊರಗಿನ ಬಿಸಿಲುಗೋಪುರದಲ್ಲಿ ಕುದ್ದು, ಆರಿ, ನಳದಲ್ಲಿ ಮನೆಮನೆಗೆ ಬರುವ ನೀರು ಅದು. ಇನ್ನೊಂದು ನೀರ್ದೀಪ, ಬೆರಳುದ್ದದ ಗಾಜಿನ ಕಡ್ಡಿ. ಅದ್ದಿದರೆ ಒಳ್ಳೆಯ ನೀರಿಗೆ ಹಸಿರಾಗಿ, ರೋಗ ತರುವ ನೀರಿಗೆ ಕೆಂಪಾಗಿ ಉರಿಯುತ್ತದೆ. ಇವೆರಡೂ ಇದ್ದ ಮೇಲೆ ನೀರಿನಿಂದ ಯಾರೂ ಸಾಯುವುದಿಲ್ಲ ಎಂದು ನೀವು ಅಂದುಕೊಳ್ಳಬಹುದು. ನನ್ನ ಮಗಳು ಸತ್ತಳು.

ನಮ್ಮ ಹಳ್ಳದ ದಂಡೆಯಲ್ಲಿ ಸಿಹಿಬಾವಿ ಇದೆ. ನನ್ನ ಅತ್ತೆ ಮಾನಮ್ಮ ಹುಟ್ಟಿದಾಗಿನಿಂದ ಅದೇ ನೀರು ಕುಡಿದವರು. ಬೆಂದನೀರು ಅವರ ಬಾಯಲ್ಲಿ ಸತ್ತ ನೀರು. ಎಷ್ಟು ಕುಡಿದರೂ ದಾಹ ಹೋಗದು ಎನ್ನುತ್ತಿದ್ದರು. ಊರಿನ ಬಹಳ ಮನೆಗಳ ಮಾತೂ ಅದೇ. ಬೆಂದನೀರಿನಲ್ಲಿ ಪಾತ್ರೆ ತೊಳೆದು, ಕುಡಿಯಲು ಬಾವಿಗೆ ಹೋಗುತ್ತಿದ್ದರು. ಒಮ್ಮೆ ನಾನು ಅತ್ತೆಯ ಚೆಂಬಿಗೇ ನೀರ್ದೀಪ ಅದ್ದಿದೆ.

"ನೋಡ್ರಿ ಅತ್ತೀ, ಕೆಂಪ ಉರೀಲಾಕತ್ತದ."

ಅವರು ಚೆಂಬನ್ನು ಬೆಳಕಿಗೆ ಹಿಡಿದರು. "ಕನ್ನಡಿ ಇದ್ದಂಗ ಅದ. ದೀಪಕ್ಕ ನಾಲಿಗಿ ಅದ ಏನು? ಇಷ್ಟು ವರ್ಷ ಕುಡದೀನಿ, ನನಗೇನಾಗ್ಯಾದ?"

ಅವರಿಗೆ ಏನೂ ಆಗಿರಲಿಲ್ಲ. ನಾನು ನೀರ್ದೀಪವನ್ನು ಒರೆಸಿ ಎತ್ತಿಟ್ಟೆ.

ಐದು ವರ್ಷದ ನನ್ನ ಚಂದಮ್ಮ ಬೆಂದನೀರನ್ನು ಉಗುಳುತ್ತಿದ್ದಳು. ನಾನು ಹೊಲಕ್ಕೆ ಹೋದಾಗ ಅಜ್ಜಿ ಅವಳಿಗೆ ಬಾವಿಯ ನೀರು ಕುಡಿಸುತ್ತಿದ್ದರು, ಪ್ರೀತಿಯಿಂದಲೇ. ಹೋದ ವರ್ಷ ಮೊದಲ ಮಳೆಗೆ ಹಳ್ಳದ ಹೊಲಸು ಬಾವಿಗೆ ಇಳಿಯಿತು. ನೀರು ಮಾತ್ರ ತಿಳಿಯಾಗಿಯೇ ಇತ್ತು. ಮಗುವಿಗೆ ವಾಂತಿ-ಭೇದಿ ಹತ್ತಿತು. ಗಾಳಿ ಸೋಕಿದೆ ಎಂದರು, ಮಾವಿನಹಣ್ಣಿನ ಉಷ್ಣ ಎಂದರು. ನೀರಿನ ಹೆಸರನ್ನು ಯಾರೂ ಎತ್ತಲಿಲ್ಲ. ವೈದ್ಯರ ಗಾಡಿ ಬರುವಷ್ಟರಲ್ಲಿ ಅವಳ ಕಣ್ಣು ಒಳಗೆ ಹೋಗಿದ್ದವು.

ಮಣ್ಣು ಮಾಡಿ ಬಂದ ಮೇಲೆ ನಾನು ಜಾಲಿಮುಳ್ಳು ಕಡಿದು ಬಾವಿಯ ಬಾಯಿಗೆ ತುಂಬಿದೆ. ಜನ ಬೈಯಲಿಲ್ಲ, ಸುಮ್ಮನೆ ಮುಳ್ಳು ಸರಿಸಿ ನೀರು ಸೇದಿಕೊಂಡರು. ಮತ್ತೆ ತುಂಬಿದೆ, ಮತ್ತೆ ಸರಿಸಿದರು. ಕೊನೆಗೆ ಕೈ ಸೋತವು.

ಒಂದು ದಿನ ಅತ್ತೆ ಹೊಸ ಮಡಕೆ ತಂದು, ಬೆಂದನೀರು ತುಂಬಿ, ರುಚಿ ಬರಲೆಂದು ಲಾವಂಚದ ಬೇರು ಹಾಕಿಟ್ಟರು. ಸಂಜೆ ಅದರಿಂದ ಒಂದು ಚೆಂಬು ತುಂಬಿಕೊಂಡು ನನ್ನೆದುರೇ ಕುಡಿದರು.

"ನೀರಾಗ ರೋಗ ಇರ್ತದ ಅಂತ ನನಗಿನ್ನೂ ಅನಸವಲ್ದು, ಶಾವಂತ್ರಿ," ಎಂದರು. "ಆದ್ರ ಆ ಬಾವಿ ನೀರು ಗಂಟಲದಾಗ ಇಳೀವಲ್ದು."

ನಾನು ಅವರ ಪಕ್ಕದಲ್ಲಿ ಕೂತೆ. ಇಬ್ಬರೂ ಅತ್ತೆವು.

ಈಗ ಓಣಿಯ ಮಕ್ಕಳು ಆ ಮಡಕೆಯ ತಂಪು ನೀರಿಗೆ ಬರುತ್ತಾರೆ. ದೊಡ್ಡವರು ಬಾವಿಗೇ ಹೋಗುತ್ತಾರೆ. ಅವರೊಂದಿಗೆ ವಾದಿಸುವ ಶಕ್ತಿ ನನಗೆ ಉಳಿದಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಊರಿಗೆ ಒಳ್ಳೆಯ ನೀರು ತರುವವರು ನೀವಾದರೆ, ಮೊದಲ ಚೆಂಬನ್ನು ಅಲ್ಲಿಯ ಮುದುಕಿಯೊಬ್ಬಳಿಗೆ ಕೊಡಿ. ಅವಳು ಮುಖ ಸಿಂಡರಿಸಿದರೆ ನಗಬೇಡಿ. ಕೂತು, ಏನು ಕಡಿಮೆಯಾಗಿದೆ ಎಂದು ಕೇಳಿ. ಮಗು ನೀರು ಕುಡಿಯುವುದು ಅವಳ ಕೈಯಿಂದ.

ಶಾವಂತ್ರಮ್ಮ